ಸಹಾಯ ಬೇಕು: ಎರಡು ಅಲೆ ಸೇರಿ ಮೂರನೆಯದು ಹುಟ್ಟುವುದು ಹೇಗೆ?

ನಮಸ್ಕಾರ. ನಾನು ಕಾರವಾರದವಳು, ಫಿಸಿಕ್ಸ್ ಎಂಎಸ್ಸಿ. ನಿನ್ನೆ ಟಾಗೋರ್ ಬೀಚಿನಲ್ಲಿ ಸುಮ್ನೆ ನೋಡ್ತಾ ನಿಂತಿದ್ದೆ. ದಡಕ್ಕೆ ಬಡಿದು ವಾಪಸ್ ಬಂದ ಅಲೆ ಎದುರಿನದಕ್ಕೆ ಸಿಕ್ಕಿ ಒಂದು ಕ್ಷಣ ಎತ್ತರ ಏಳುತ್ತದೆ. ಆಮೇಲೆ ಎರಡೂ ತಮ್ಮ ದಾರಿ ಹಿಡಿಯುತ್ತವೆ.

ಆದರೆ ವಾತಾವರಣದಲ್ಲಿ, ನೆಲದಿಂದ 80–100 ಕಿ.ಮೀ. ಎತ್ತರದಲ್ಲಿ, ಗಾಳಿಯ ಅಲೆಗಳದ್ದು ಹಾಗಲ್ಲ. ಗಾಳಿ ತೀರಾ ತೆಳು, ಕೆಳಗಿನಿಂದ ಏರಿದ ಅಲೆ ಜಾಸ್ತಿ ದೊಡ್ಡದಾಗುತ್ತದೆ. 48 ಗಂಟೆಯ ಅಲೆ (ಅಂದರೆ 48 ಗಂಟೆಗೊಮ್ಮೆ ಏರಿಳಿಯುವುದು), ಬಿಸಿಲಿನಿಂದ ಹುಟ್ಟುವ 12 ಗಂಟೆಯ ಅಲೆಯ ಜೊತೆ ಬೆರೆತು 9.6 ಮತ್ತು 16 ಗಂಟೆಯ ಹೊಸ ಅಲೆಗಳು ಬರುತ್ತವೆ. 1/12ಕ್ಕೆ 1/48 ಕೂಡಿಸಿದರೆ 1/9.6, ಕಳೆದರೆ 1/16, ಲೆಕ್ಕ ಸರಿಯಾಗುತ್ತದೆ. ಆದರೆ ಶಕ್ತಿ ಯಾವುದರಿಂದ ಯಾವುದಕ್ಕೆ ಹೋಗುತ್ತದೆ ಅನ್ನೋದೇ ತಲೆಗೆ ಹತ್ತುತ್ತಿಲ್ಲ.

ಮೇಲಿನ ಗಾಳಿಯನ್ನು ಅಳೆಯುವ, ತಿರುಪತಿ ಹತ್ತಿರದ ಗಾದಂಕಿ ರಾಡಾರ್ ಡೇಟಾ ಬಳಸಿದವರು ಯಾರಾದರೂ ಇದ್ದೀರಾ? ಅರ್ಧ ಗಂಟೆ ಕನ್ನಡದಲ್ಲಿ ಹೇಳಿಕೊಟ್ಟರೆ ದೊಡ್ಡ ಉಪಕಾರ. ಶುಕ್ರವಾರ ಸೆಮಿನಾರ್ ಇದೆ.