ಸಹಾಯ ಬೇಕು: ಕುದುರೆಯ ಹೊಟ್ಟೆಹುಳಕ್ಕೆ ಗಿಡಮೂಲದ ಮದ್ದು ನಿಜಕ್ಕೂ ಕೆಲಸ ಮಾಡುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮ ಹೆಣ್ಣು ಕುದುರೆಗೆ ಫೆನ್‌ಬೆಂಡಜೋಲ್ ಅನ್ನೋ ಹುಳದ ಔಷಧಿ ಕೊಟ್ಟು, ಎರಡು ವಾರ ಬಿಟ್ಟು ಮತ್ತೆ ಲದ್ದಿ ಪರೀಕ್ಷೆ ಮಾಡಿಸಿದ್ವಿ. ಲದ್ದಿಯಲ್ಲಿ ಹುಳದ ಮೊಟ್ಟೆಗಳ ಎಣಿಕೆ ಹೆಚ್ಚುಕಮ್ಮಿ ಮೊದಲಿನಷ್ಟೇ ಇದೆ. ಸಣ್ಣ ಸ್ಟ್ರಾಂಗೈಲ್ ಹುಳಗಳು ಈ ಔಷಧಿಗೆ ಜಗ್ಗದಿರೋದು ಈಗ ಮಾಮೂಲಿ ಅಂತಾರೆ ವೈದ್ಯರು. ಐವರ್‌ಮೆಕ್ಟಿನ್ ಅನ್ನೋ ಇನ್ನೊಂದು ಔಷಧಿ ಇದೆ, ಆದರೆ ಪದೇ ಪದೇ ಕೊಟ್ಟು ಹುಳಗಳು ಅದಕ್ಕೂ ಜಗ್ಗದಂತೆ ಮಾಡೋಕೆ ಮನಸ್ಸಿಲ್ಲ.

ಪಪ್ಪಾಯಿ ಹಾಲಿನಲ್ಲಿರುವ ಸಿಸ್ಟೀನ್ ಪ್ರೋಟಿಯೇಸ್ ಅನ್ನೋ, ಪ್ರೋಟೀನ್ ಒಡೆಯುವ ಕಿಣ್ವಗಳು ಹುಳದ ಹೊರಪೊರೆಯನ್ನೇ ಜೀರ್ಣಿಸಿಬಿಡುತ್ತವಂತೆ. ಟ್ಯಾನಿನ್ (ಒಗರು ಅಂಶ) ಹೆಚ್ಚಿರುವ ಸೈನ್‌ಫಾಯಿನ್ ಮೇವು ಕುರಿ, ಮೇಕೆಗಳಲ್ಲಿ ಮೊಟ್ಟೆ ಕಡಿಮೆ ಮಾಡಿದ್ದೂ ಇದೆ. ನನಗೆ ಅನುಮಾನ ಇರೋದು ಇಲ್ಲೇ. ಕುರಿಗಳನ್ನು ಕಾಡುವ ಮುಖ್ಯ ಹುಳ ಇರೋದು ಜಠರದಲ್ಲಿ. ಕುದುರೆಯ ಸಣ್ಣ ಸ್ಟ್ರಾಂಗೈಲ್ ಇರೋದು ದೊಡ್ಡ ಕರುಳಿನಲ್ಲಿ, ಅದರ ಮರಿಗಳಂತೂ ಕರುಳಿನ ಗೋಡೆಯೊಳಗೇ ಕೋಶ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂತಿರುತ್ತವೆ. ಜಠರದ ಆಮ್ಲ ದಾಟಿ ಕಿಣ್ವ ಅಲ್ಲಿವರೆಗೆ ಹೋಗುತ್ತಾ? ಪ್ರಯೋಗಾಲಯದ ತಟ್ಟೆಯಲ್ಲಿ ಹುಳ ಸಾಯೋದು ಬೇರೆ, ಕುದುರೆಯ ಹೊಟ್ಟೆಯಲ್ಲಿ ಸಾಯೋದು ಬೇರೆ ಅಲ್ವಾ?

ಸೈನ್‌ಫಾಯಿನ್, ಚಿಕೋರಿ ಅಥವಾ ಬೇರೆ ಯಾವುದಾದರೂ ಕೊಟ್ಟು, ಮೊದಲೂ ಆಮೇಲೂ ಮೊಟ್ಟೆ ಎಣಿಸಿ ನೋಡಿದವರು ದಯವಿಟ್ಟು ತಿಳಿಸಿ. ಎಷ್ಟು ಕೊಟ್ರಿ, ಒಣ ಹುಲ್ಲಾಗಿಯೋ ಉಂಡೆಯಾಗಿಯೋ, ಹೊಟ್ಟೆನೋವು ಬಂತಾ? "ಕೂದಲು ಮಿರಮಿರ ಮಿಂಚ್ತಿದೆ" ಅನ್ನೋದು ನನಗೆ ಸಾಕ್ಷಿ ಅಲ್ಲ, ಬೇಜಾರಾಗ್ಬೇಡಿ.

ಬೆಳ್ಳುಳ್ಳಿ ಮಾತ್ರ ಬೇಡ. ಜಾಸ್ತಿಯಾದರೆ ಕುದುರೆಗೆ ರಕ್ತಹೀನತೆ ತರುತ್ತೆ. ಲದ್ದಿ ತೆಗೆಯೋದು, ಮೇವಿನ ಜಾಗ ಬದಲಿಸೋದು ನಡೆದೇ ಇದೆ.