ಲಕೋಟೆ ಹಿಂದಿರುಗಿಸಿದ ಸಿಸ್ಟರ್‌ಗೆ ಕೃತಜ್ಞತೆ ತಿಳಿಸುವುದು ಹೇಗೆ?

ಪ್ರಶ್ನೆ

ಅಪ್ಪ 19 ದಿನ ತೀವ್ರ ನಿಗಾ ಘಟಕದಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ರಾತ್ರಿಪಾಳಿಯ ಸಿಸ್ಟರ್ ಒಬ್ಬರು ಅವರನ್ನು ನೋಡಿಕೊಂಡ ರೀತಿಯನ್ನು ಮನೆಮಂದಿಯೆಲ್ಲ ದಿನಕ್ಕೊಮ್ಮೆಯಾದರೂ ನೆನೆಯುತ್ತೇವೆ. ಬಿಡುಗಡೆಯ ದಿನ ನನ್ನ ತಮ್ಮ ಲಕೋಟೆಯಲ್ಲಿ ಹಣವಿಟ್ಟು ಅವರಿಗೆ ಕೊಡಲು ಹೋದ. ಅವರು ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿಸಿದರು. ನಮಗೇ ನಾಚಿಕೆಯಾಯಿತು. ಹಾಗೆಂದು ಸುಮ್ಮನಿರಲೂ ಮನಸ್ಸು ಒಪ್ಪುತ್ತಿಲ್ಲ. ಇಂಥ ಸಂದರ್ಭದಲ್ಲಿ ನೀವು ಏನು ಮಾಡಿದಿರಿ?

ತಾಯಿಯನ್ನು ನೋಡಿಕೊಂಡ ಮಗಳು

ಲಕೋಟೆ ಹಿಡಿದು ಹೋದವರಲ್ಲಿ ನಾವೂ ಇದ್ದೇವೆ, ಬೇಸರ ಬೇಡ.

ಅಮ್ಮ ವೆಂಟಿಲೇಟರ್‌ನಲ್ಲಿದ್ದಾಗ ಅವರಿಗೆ ಪ್ರಜ್ಞೆಯಿರಲಿಲ್ಲ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಆ ಕೆಲಸವನ್ನು ಯಾರೂ ತಪ್ಪಿಸಲಿಲ್ಲ. ಆದರೆ ಒಬ್ಬ ಸಿಸ್ಟರ್ ಮಾತ್ರ ಮುಟ್ಟುವ ಮುನ್ನ ಅಮ್ಮನ ಕಿವಿಯ ಹತ್ತಿರ ಬಗ್ಗಿ, “ಅಮ್ಮಾ, ಈಗ ಎಡಕ್ಕೆ ತಿರುಗಿಸುತ್ತೇನೆ, ಬೆಚ್ಚಬೇಡಿ” ಎನ್ನುತ್ತಿದ್ದರು. ಒಣಗಿದ ತುಟಿಗಳನ್ನು ಒದ್ದೆ ಹತ್ತಿಬಟ್ಟೆಯಿಂದ ಒರೆಸುವಾಗಲೂ ಅಷ್ಟೇ, ಹೇಳದೆ ಒರೆಸುತ್ತಿರಲಿಲ್ಲ. ಒಂದು ರಾತ್ರಿ ನಾನು, “ಅವರಿಗೆ ಕೇಳಿಸುವುದಿಲ್ಲವಲ್ಲ?” ಎಂದೆ. “ಕೇಳಿಸಿದರೆ?” ಎಂದು ಹೇಳಿ ದಿಂಬು ಸರಿಪಡಿಸಿದರು.

ಮನೆಗೆ ಬಂದ ಮೇಲೆ ಎರಡು ಪುಟ ಬರೆದೆ. ದೇವತೆ, ಕರುಣಾಮೂರ್ತಿ, ತ್ಯಾಗಮಯಿ, ನಿಘಂಟಿನಲ್ಲಿದ್ದದ್ದೆಲ್ಲ ಬಂತು. ನನ್ನ ಗಂಡ ಓದಿ, “ಇದನ್ನು ಯಾವ ಸಿಸ್ಟರ್‌ಗಾದರೂ ಕೊಡಬಹುದು, ಇದರಲ್ಲಿ ಅವರೆಲ್ಲಿದ್ದಾರೆ?” ಎಂದರು. ಸಿಟ್ಟು ಬಂತು, ಆದರೆ ಮಾತು ನಿಜ. ಹರಿದುಹಾಕಿ ಅರ್ಧ ಪುಟದಲ್ಲಿ ಆ “ಕೇಳಿಸಿದರೆ?” ಎಂಬುದನ್ನಷ್ಟೇ ಬರೆದೆ. ವಾರ್ಡು, ಹಾಸಿಗೆಯ ಸಂಖ್ಯೆ, ತಾರೀಖು, ಪಾಳಿ ನಮೂದಿಸಿ ಒಂದು ಪ್ರತಿ ಅವರಿಗೆ, ಇನ್ನೊಂದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಟ್ಟೆ. ಎರಡನೆಯದನ್ನು ಮರೆಯಬೇಡಿ. ತಮ್ಮನ್ನು ಹೊಗಳಿದ ಪತ್ರವನ್ನು ತಾವೇ ಮೇಲಧಿಕಾರಿಗೆ ತೋರಿಸುವ ಜಾಯಮಾನ ಎಲ್ಲರದೂ ಅಲ್ಲ.

ಇನ್ನೊಬ್ಬರು

ನಾವು ಕೈಗಡಿಯಾರ ಕೊಟ್ಟೆವು, ಅದೂ ಹಿಂದಕ್ಕೆ ಬಂತು. ಆಮೇಲೆ ವಿಚಾರಿಸಿದಾಗ ಕಾರಣ ತಿಳಿಯಿತು: ಪಕ್ಕದ ಹಾಸಿಗೆಯವರಿಗೆ, ಕೊಟ್ಟವರಿಗಷ್ಟೇ ಆರೈಕೆ ಎಂಬ ಅನುಮಾನ ಬರಬಾರದಲ್ಲ. ಬ್ರಿಟನ್ನಿನ ನರ್ಸಿಂಗ್ ಮಂಡಳಿಯ ನೀತಿ ಸಂಹಿತೆಯಲ್ಲಂತೂ, ತೀರಾ ಕ್ಷುಲ್ಲಕವಾದವನ್ನು ಬಿಟ್ಟು ಬೇರೆ ಉಡುಗೊರೆಗಳನ್ನೆಲ್ಲ ನಿರಾಕರಿಸಬೇಕೆಂದೇ ಇದೆ. ಪಕ್ಕದ ಹಾಸಿಗೆಯವರಿಗೆ, ಕೊಟ್ಟವರಿಗಷ್ಟೇ ಆರೈಕೆ ಎಂಬ ಅನುಮಾನ ಬರಬಾರದಲ್ಲ.

22 ವರ್ಷದಿಂದ ಶುಶ್ರೂಷೆಯಲ್ಲಿರುವವಳು

ನಾನು ಆ ಕಡೆಯವಳು, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ರೋಗಿ ನಮ್ಮ ಘಟಕದಿಂದ ಬೇರೆ ವಾರ್ಡಿಗೆ ಹೋದ ಮೇಲೆ ಏನಾಯಿತು ಎಂಬುದು ನಮ್ಮ ಕಿವಿಗೆ ಬೀಳುವುದೇ ಅಪರೂಪ. ಹಾಸಿಗೆಗೆ ಇನ್ನೊಬ್ಬರು ಬಂದಿರುತ್ತಾರೆ. ಅಪ್ಪ ಎದ್ದು ಕೂರುತ್ತಾರಾ, ನಡೆಯುತ್ತಾರಾ, ಮನೆಯವರನ್ನು ಬೈಯುವಷ್ಟು ಶಕ್ತಿ ಬಂದಿದೆಯಾ? ಅದನ್ನು ಬರೆಯಿರಿ. ನನಗೆ ಬಂದ ಪತ್ರಗಳಲ್ಲಿ ನಾನು ಇಟ್ಟುಕೊಂಡಿರುವುದು ಅಂಥವನ್ನೇ.

ಖುದ್ದಾಗಿ ಹೋಗುವುದಾದರೆ ಪಾಳಿ ಬದಲಾಗುವ ಹೊತ್ತಿಗೆ ಹೋಗಬೇಡಿ. ಆಗ ಒಬ್ಬೊಬ್ಬ ರೋಗಿಯ ವಿವರವನ್ನೂ ಮುಂದಿನವರಿಗೆ ಒಪ್ಪಿಸುತ್ತಿರುತ್ತೇವೆ, ಮಾತಿನ ಮಧ್ಯೆ ಒಂದು ಔಷಧದ ವಿಷಯ ಬಿಟ್ಟುಹೋದರೂ ಕಷ್ಟ. ನಮ್ಮ ಫೋಟೋವನ್ನು ಕೇಳದೆ ಎಲ್ಲರಿಗೂ ಹಂಚಬೇಡಿ.

ದೇವತೆ ಎನ್ನುವುದರ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ದೇವತೆಗೆ ಕಾಲು ನೋಯುವುದಿಲ್ಲ, ರಜೆ ಬೇಕಿಲ್ಲ, ಓದಿ ಕಲಿಯಬೇಕಾಗಿಯೂ ಇಲ್ಲ. ರಾತ್ರಿ ಮೂರು ಗಂಟೆಗೆ ಮೂತ್ರದ ಚೀಲದಲ್ಲಿ ಪ್ರಮಾಣ ಕಡಿಮೆಯಾದದ್ದನ್ನು ಕಂಡು ವೈದ್ಯರನ್ನು ಎಬ್ಬಿಸುವುದು ಕರುಣೆಯೊಂದರಿಂದಲೇ ಆಗುವ ಕೆಲಸವಲ್ಲ. ಅಂಥದ್ದೇನಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಬರೆಯಿರಿ.

ಅಣ್ಣನನ್ನು ಕಳೆದುಕೊಂಡವನು

ನಮ್ಮಣ್ಣ ಮನೆಗೆ ಬರಲಿಲ್ಲ. ಕೊನೆಯ ರಾತ್ರಿ ಯಂತ್ರದ ಸದ್ದನ್ನು ತಗ್ಗಿಸಿ, ಅತ್ತಿಗೆಗೆ ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೇ ಎಳೆದುಕೊಟ್ಟ ಸಿಸ್ಟರ್‌ಗೆ ಒಂದು ಮಾತು ಹೇಳಬೇಕೆಂದಿದ್ದೆ. ಆ ಕಟ್ಟಡದ ಬೀದಿಗೆ ಹೋಗಲೂ ಕಾಲು ಬರುತ್ತಿರಲಿಲ್ಲ. 14 ತಿಂಗಳಾದ ಮೇಲೆ ಅಂಚೆಯಲ್ಲಿ ಪತ್ರ ಕಳುಹಿಸಿದೆ. ತಡವಾಯಿತೆಂದು ಅವರು ಒಂದು ಮಾತೂ ಆಡಲಿಲ್ಲ.

ಇನ್ನೊಂದು ದಾರಿ. 1999ರಲ್ಲಿ ಅಮೆರಿಕದ ಪ್ಯಾಟ್ರಿಕ್ ಬಾರ್ನ್ಸ್ ಎಂಬವರು 33ನೆಯ ವಯಸ್ಸಿಗೆ, ಪ್ಲೇಟ್‌ಲೆಟ್‌ಗಳು ನಾಶವಾಗುವ ಕಾಯಿಲೆಯಿಂದ ತೀರಿಕೊಂಡರು. ಅವರನ್ನು ನೋಡಿಕೊಂಡ ದಾದಿಯರಿಗೆ ಕೃತಜ್ಞತೆ ಹೇಳಬೇಕೆಂದು ಕುಟುಂಬದವರು ಹುಟ್ಟುಹಾಕಿದ್ದೇ ಡೈಸಿ ಪ್ರಶಸ್ತಿ. ಈಗ ಹಲವು ದೇಶಗಳ ಆಸ್ಪತ್ರೆಗಳಲ್ಲಿದೆ, ರೋಗಿಗಳೂ ಮನೆಯವರೂ ಹೆಸರು ಸೂಚಿಸಬಹುದು. ನಿಮ್ಮ ಆಸ್ಪತ್ರೆಯಲ್ಲಿ ಅದೋ ಅಂಥದ್ದೇ ಇನ್ನೊಂದೋ ಇದೆಯೇ ಎಂದು ಕೇಳಿನೋಡಿ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ವಂದನೆಗಳು. ಪತ್ರ ಬರೆಯಲು ಕುಳಿತರೆ ಅವರ ಹೆಸರೇ ಗೊತ್ತಿಲ್ಲ! 19 ದಿನವೂ ಬರೀ “ಸಿಸ್ಟರ್” ಎಂದೇ ಕರೆದಿದ್ದೇವೆ.

ಶುಶ್ರೂಷೆಯಲ್ಲಿರುವವಳು

ತಾರೀಖು, ಪಾಳಿ, ಹಾಸಿಗೆಯ ಸಂಖ್ಯೆ ಕೊಟ್ಟರೆ ಸಾಕು, ಆಸ್ಪತ್ರೆಯವರೇ ಕರ್ತವ್ಯದ ಪಟ್ಟಿ ನೋಡಿ ಪತ್ರವನ್ನು ಅವರಿಗೆ ತಲುಪಿಸುತ್ತಾರೆ.

ಪ್ರಶ್ನೆ ಕೇಳಿದವರು

ಅದನ್ನೆಲ್ಲ ನಮೂದಿಸಿ ಬರೆದೆ. ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು, “ಕನ್ನಡಕದ ವಿಷಯ ಬರೆದೆಯಾ?” ಎಂದರು. ಯಾವ ಕನ್ನಡಕ? ಪ್ರತಿಸಲ ಎಚ್ಚರವಾದಾಗಲೂ ಆ ಸಿಸ್ಟರ್ ಮೊದಲು ಕನ್ನಡಕ ಒರೆಸಿ ಅಪ್ಪನ ಮೂಗಿನ ಮೇಲಿಟ್ಟು, ಆಮೇಲೆ ಮಾತನಾಡಿಸುತ್ತಿದ್ದರಂತೆ. ನಮಗೆ ಯಾರಿಗೂ ಇದು ತಿಳಿದಿರಲಿಲ್ಲ. ನಾನು ಬರೆದ ಹಾಳೆಯನ್ನು ಪಕ್ಕಕ್ಕಿಟ್ಟಿದ್ದೇನೆ. ಈಗ ಅಪ್ಪ ಹೇಳುತ್ತಿದ್ದಾರೆ, ನಾನು ಬರೆದುಕೊಳ್ಳುತ್ತಿದ್ದೇನೆ.