ಓದುತ್ತಾನೆ, ಅರ್ಥ ಹೇಳಲಾರ: ನಿಮ್ಮ ಮಕ್ಕಳಿಗೆ ಏನು ಮಾಡಿದಿರಿ?

ದಾವಣಗೆರೆಯ ತಂದೆ:
ಮಗ ಕನ್ನಡ ಮಾಧ್ಯಮದಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾನೆ. ಒತ್ತಕ್ಷರವೂ ತಪ್ಪದಂತೆ ಸರಾಗವಾಗಿ ಓದುತ್ತಾನೆ. ಕಥೆಯಲ್ಲಿ ಏನಾಯಿತು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾನೆ. ಸಂಜೆ ಅರ್ಧ ಗಂಟೆಯಷ್ಟೇ ನನಗೆ ಬಿಡುವು. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬೆಂಗಳೂರಿನ ತಾಯಿ:
ಇದಕ್ಕಾಗಿ ನಾವು ಸುರಿದ ಹಣದ ಲೆಕ್ಕ ನನಗೆ ಇಂದಿಗೂ ಬಾಯಿಪಾಠವಿದೆ. ಕಾರ್ಯಪುಸ್ತಕಗಳ ಕಟ್ಟಿಗೆ 1,850 ರೂಪಾಯಿ. ಮೊಬೈಲ್ ಆ್ಯಪ್‌ನ ವಾರ್ಷಿಕ ಚಂದಾ 6,499, ಅದನ್ನು ಮಗಳು ತೆರೆಯುವುದನ್ನೇ ಬಿಟ್ಟ ಮೇಲೂ ಒಂದು ಪೈಸೆ ಹಿಂದಿರುಗಲಿಲ್ಲ. ಟ್ಯೂಷನ್‌ಗೆ ತಿಂಗಳಿಗೆ 1,500, ಅದೂ ಮೂರು ತಿಂಗಳ ಮುಂಗಡ, ಮಳೆ ಬಂದ ದಿನ ಆಟೋ ಬಾಡಿಗೆ ಬೇರೆ. ಅಲ್ಲಿ ಕಲಿಸಿದ್ದಾದರೂ ಏನು? ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಗೆರೆ ಎಳೆದು, ಆ ವಾಕ್ಯವನ್ನು ಹಾಗೆಯೇ ಇಳಿಸುವುದು. ಅಂಕಗಳೇನೋ ಏರಿದವು. ಮುಂದಿನ ವರ್ಷ ಅಪಠಿತ ಗದ್ಯಭಾಗದಲ್ಲಿ ‘ಅಜ್ಜಿ ಬಾಗಿಲನ್ನು ಏಕೆ ತೆರೆಯಲಿಲ್ಲ?’ ಎಂದು ಕೇಳಿದ್ದಕ್ಕೆ ಮಗಳು ‘ಅಜ್ಜಿ ಬಾಗಿಲನ್ನು ತೆರೆಯಲಿಲ್ಲ’ ಎಂದು ಬರೆದು ಬಂದಳು.

ಎಲ್ಲವನ್ನೂ ಬಿಡಿಸಿ ನಾನೇ ಕುಳಿತೆ. ಕಥೆ ಮುಗಿದ ಮೇಲೆ ಪ್ರಶ್ನೆ ಕೇಳುವ ಪದ್ಧತಿಯನ್ನು ಕೈಬಿಟ್ಟು, ನಡುವೆಯೇ ಪುಸ್ತಕ ಮುಚ್ಚಿ ‘ಇವನು ಈಗ ಏನು ಮಾಡಿಯಾನು, ನಿನಗೇಕೆ ಹಾಗನ್ನಿಸಿತು?’ ಎಂದು ಕೇಳತೊಡಗಿದೆ. ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಕಥೆಗಳು ಹಂತವಾರು ವಿಂಗಡಣೆಯೊಂದಿಗೆ ಉಚಿತವಾಗಿಯೇ ಸಿಗುತ್ತವೆ. ಈಗ ಅವಳು ನನಗೇ ಪ್ರಶ್ನೆ ಹಾಕುತ್ತಾಳೆ. ಯಾವ ಶಾಲೆಯೂ ಇದನ್ನು ಮಾಡಿಕೊಡಲಿಲ್ಲ.

ಮೈಸೂರು ಜಿಲ್ಲೆಯ ನಲಿಕಲಿ ಶಿಕ್ಷಕಿ:
ಶಾಲೆ ಏನೂ ಮಾಡಲಿಲ್ಲ ಎನ್ನುವವರು, ತಾವು ಕಥೆಪುಸ್ತಕ ಹಿಡಿಯುವ ಮೊದಲು ಆ ಮಗುವಿಗೆ ಅಕ್ಷರ ಕೂಡಿಸಲು ಕಲಿಸಿದವರು ಯಾರೆಂಬುದನ್ನೂ ಒಮ್ಮೆ ನೆನೆಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಕಾರ್ಡು, ಆಟಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಸರ್ಕಾರಿ ಶಾಲೆಗಳಲ್ಲಿ ಆರಂಭವಾದಾಗ ‘ಇದೇನು ಆಟವೋ ಪಾಠವೋ’ ಎಂದು ನಕ್ಕವರಿದ್ದರು. ನಾವು ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂದೇ ಆರಂಭಿಸುತ್ತೇವೆ. ಏಕೆಂದರೆ ಅಷ್ಟರಿಂದಲೇ ಮಗು ಸರ, ಅರಸ, ಗರಗಸ ಎಂದು ಅರ್ಥವಿರುವ ಪದಗಳನ್ನು ಓದಬಲ್ಲದು. ಅರ್ಥಗ್ರಹಣವು ಮೊದಲ ಮೈಲಿಗಲ್ಲಿನಲ್ಲಿಯೇ, ಅಂದರೆ ಕಲಿಕೆಯ ಮೊದಲ ಹಂತದಲ್ಲಿಯೇ, ಆರಂಭವಾಗುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಅವುಗಳೊಂದಿಗೆ ಹೆಣಗುತ್ತಿರುವ ಮಗುವಿಗೆ ವಾಕ್ಯದ ಕೊನೆ ತಲುಪುವಷ್ಟರಲ್ಲಿ ಅದರ ಆರಂಭ ಮರೆತಿರುತ್ತದೆ. ಹರಿದ ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಲು ಕೈಯಿಂದ ಹಾಕಿದ ಹಣವನ್ನು ನಾನು ಯಾರ ಬಳಿಯೂ ಎಣಿಸಿ ಹೇಳುವುದಿಲ್ಲ. ಸರಾಗ ಓದು ಎಂಬುದು ಹಲವು ಬಾರಿ ಕೇಳಿ ಕೇಳಿ ಬಂದ ಕಂಠಪಾಠವಾಗಿರುತ್ತದೆ. ಕಾಣದ ಪುಟವೊಂದನ್ನು ಕೊಟ್ಟು ನೋಡಿ, ಬಣ್ಣ ಬಯಲಾಗುತ್ತದೆ.

ಕಲಬುರಗಿ ಜಿಲ್ಲೆಯ ತಾಂಡಾ ಶಾಲೆಯ ಶಿಕ್ಷಕ:
ಅಕ್ಷರ ಗಟ್ಟಿಯಾದರೆ ಅರ್ಥ ತಾನಾಗಿ ಬರುತ್ತದೆ ಎಂಬ ಈ ಭ್ರಮೆಯಿಂದಲೇ ನಮ್ಮ ಮಕ್ಕಳು ಹಿಂದುಳಿದಿದ್ದಾರೆ. ಕಪ್ಪುಹಲಗೆಯ ಮೇಲೆ ‘ಟುಮ್ಮನು ಬಿರಟಿಯಲ್ಲಿ ಗೊಸಗಿದನು’ ಎಂದು ಬರೆದು, ‘ಟುಮ್ಮನು ಎಲ್ಲಿ ಗೊಸಗಿದನು?’ ಎಂದು ಕೇಳಿದೆ. ‘ಬಿರಟಿಯಲ್ಲಿ’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಅದರಲ್ಲಿ ಒಂದು ಪದಕ್ಕೂ ಅರ್ಥವಿಲ್ಲ. ವಿಭಕ್ತಿ ಪ್ರತ್ಯಯ ನೋಡಿಯೇ ಉತ್ತರ ಹೆಕ್ಕುತ್ತಾರೆ. ಒಬ್ಬ ಹುಡುಗಿ ಮಾತ್ರ ಎದ್ದು ‘ಸರ್, ಬಿರಟಿ ಅಂದ್ರ ಏನ್ರಿ?’ ಎಂದಳು. ನಾನು ಹುಡುಕುತ್ತಿದ್ದುದು ಆ ಪ್ರಶ್ನೆಯನ್ನೇ. ಮನೆಯಲ್ಲಿ ಲಂಬಾಣಿ ಮಾತನಾಡುವ ಮಗುವಿಗೆ ಪಠ್ಯಪುಸ್ತಕದ ಅರ್ಧ ಪದಗಳು ಬಿರಟಿಯೇ ಆಗಿರುತ್ತವೆ. ಆದ್ದರಿಂದ ನಾನು ಮೊದಲು ಪಾಠದ ಸಂಗತಿಯನ್ನು ಅವರ ಮಾತಿನಲ್ಲಿಯೇ ಹೇಳಿಸಿ, ಆಮೇಲೆ ಪುಸ್ತಕ ತೆರೆಸುತ್ತೇನೆ. ಇದಕ್ಕಾಗಿ ನಾನು ಲಂಬಾಣಿ ಕಲಿತೆ. ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು ಭೇಟಿ ಪುಸ್ತಕದಲ್ಲಿ ‘ಪಠ್ಯಕ್ರಮದಲ್ಲಿ ಹಿಂದೆ’ ಎಂದು ಬರೆದು ಹೋದರು.

ನಲಿಕಲಿ ಶಿಕ್ಷಕಿ:
ಅಕ್ಷರ ಸಾಕೆಂದು ನಾನು ಎಲ್ಲಿಯೂ ಹೇಳಿಲ್ಲ. ಅರ್ಥವಿಲ್ಲದ ವಾಕ್ಯ ಬರೆದು ಮಕ್ಕಳನ್ನು ಗೇಲಿ ಮಾಡುವುದು ಬೋಧನೆಯೂ ಅಲ್ಲ.

ತಾಂಡಾ ಶಾಲೆಯ ಶಿಕ್ಷಕ:
ಗೇಲಿಯಾಗಿದ್ದು ಮಕ್ಕಳದ್ದಲ್ಲ, ನಮ್ಮ ಪ್ರಶ್ನೆಪತ್ರಿಕೆಗಳದ್ದು.

ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ನಿವೃತ್ತ ಉಪನ್ಯಾಸಕ:
ಇಬ್ಬರೂ ಶಾಂತರಾಗಬೇಕು. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದಿ ಅರ್ಥಮಾಡಿಕೊಳ್ಳುವುದನ್ನು ಎರಡು ಶಕ್ತಿಗಳ ಗುಣಾಕಾರವಾಗಿ ನಿರೂಪಿಸಿದ್ದಾರೆ: ಅಕ್ಷರ ಬಿಡಿಸುವ ಶಕ್ತಿ, ಭಾಷೆಯನ್ನು ಅರಿಯುವ ಶಕ್ತಿ, ಇವೆರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ನಾನು ಸೇವೆಯಲ್ಲಿದ್ದಾಗ ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ವಿವರಿಸಿದ ಕ್ರಮವನ್ನೇ ತರಬೇತಿಗಳಲ್ಲಿ ಹೇಳಿದೆ: ಮುಂದೇನೆಂದು ಊಹಿಸುವುದು, ಪ್ರಶ್ನೆ ಹಾಕುವುದು, ತೊಡಕು ಬಿಡಿಸಿಕೊಳ್ಳುವುದು, ಸಾರ ಹೇಳುವುದು. ಶಿಕ್ಷಕರು ಭತ್ಯೆ ಪಡೆದು ಹೋದರೇ ಹೊರತು ಯಾರೂ ಮಾಡಲಿಲ್ಲ.

ನಲಿಕಲಿ ಶಿಕ್ಷಕಿ:
ಪಾಲಿಂಕ್ಸರ್ ಮತ್ತು ಬ್ರೌನ್ ಅವರ ಆ ಅಧ್ಯಯನ ನಡೆದದ್ದು ಏಳನೆಯ ತರಗತಿಯ, ಅಕ್ಷರ ಬಿಡಿಸಲು ಬರುತ್ತಿದ್ದ ಮಕ್ಕಳ ಚಿಕ್ಕ ಗುಂಪುಗಳೊಂದಿಗೆ. ನಮ್ಮಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಭತ್ಯೆಯ ಮಾತನ್ನು ತಾವು ಹಿಂಪಡೆಯಬೇಕು.

ದಾವಣಗೆರೆಯ ತಂದೆ:
ಎಲ್ಲರಿಗೂ ವಂದನೆಗಳು. ಕಾಣದ ಪುಟವನ್ನು ಕೊಟ್ಟು ನೋಡಿದೆ. ಅದನ್ನೂ ಸರಾಗವಾಗಿಯೇ ಓದಿದ, ಅರ್ಥ ಮಾತ್ರ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ ಯಾವುದನ್ನು ಮೊದಲು ಮಾಡಲಿ?

ಬೆಂಗಳೂರಿನ ತಾಯಿ:
ಮೊದಲು ಶಾಲೆಯವರನ್ನು ಕೇಳಿ. ನನ್ನ ಮಗಳು ಕೊನೆಗೂ ಸ್ವಂತ ವಾಕ್ಯದಲ್ಲಿ ‘ಹೊರಗೆ ಇರುವವನು ಮೊಮ್ಮಗನಲ್ಲ ಎಂದು ಅಜ್ಜಿಗೆ ಅವನ ದನಿಯಿಂದ ಗೊತ್ತಾಯಿತು’ ಎಂಬಂತಹ ಉತ್ತರಗಳನ್ನು ಬರೆಯತೊಡಗಿದಾಗ, ಪಾಠದಲ್ಲಿ ಇರುವಂತೆ ಬರೆದಿಲ್ಲವೆಂದು ಅರ್ಧ ಅಂಕ ಕತ್ತರಿಸಿದರು. ಕೇಳಲು ಹೋದರೆ ಮಾದರಿ ಉತ್ತರದ ಹಾಳೆಯನ್ನು ಮುಂದೆ ಹಿಡಿದರು.

ನಲಿಕಲಿ ಶಿಕ್ಷಕಿ:
ಅದು ನಿಮ್ಮ ಖಾಸಗಿ ಶಾಲೆಯ ಹಣೆಬರಹ. ನಮ್ಮನ್ನು ಅದಕ್ಕೆ ಎಳೆಯಬೇಡಿ.

ತಾಂಡಾ ಶಾಲೆಯ ಶಿಕ್ಷಕ:
ಸರ್ಕಾರಿ ಶಾಲೆಯಲ್ಲಿಯೂ ಕತ್ತರಿಸುತ್ತಾರೆ, ಮೇಡಂ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಉತ್ತರಪತ್ರಿಕೆಗಳನ್ನು ಅದಲು ಬದಲು ಮಾಡಿ ನೋಡಿದಾಗ ನನ್ನ ಮಕ್ಕಳ ಸ್ವಂತ ವಾಕ್ಯಗಳಿಗೆಲ್ಲ ಕೆಂಪು ಗೀಟು ಬಿದ್ದಿತ್ತು. ಗೀಟು ಎಳೆದವರು ನಲಿಕಲಿ ತರಬೇತಿ ಪಡೆದವರೇ.